ಎಆರ್‌ಟಿ ಮಾತ್ರೆ ಶುರುವಾದ ಮೇಲೆ ಬಿಸಿಲು ತಾಗಿದರೆ ಮೈ ಉರಿಯುತ್ತದೆ, ಮಾತ್ರೆ ನಿಲ್ಲಿಸಲಾ?

ದಯವಿಟ್ಟು ನೀವಾಗಿಯೇ ನಿಲ್ಲಿಸಬೇಡಿ. ಎಆರ್‌ಟಿ, ಅಂದರೆ ಎಚ್‌ಐವಿ ವೈರಸ್ ಹತೋಟಿಯಲ್ಲಿಡುವ ಮಾತ್ರೆ, ಶುರುವಾಗಿ ಎರಡು ತಿಂಗಳು, ಬಿಸಿಲಿಗೆ ಹೋದರೆ ಮುಖ, ಕೈ ಉರಿದು ಕಪ್ಪಾಗುತ್ತಿದೆ ಅಂದಿದ್ದೀರಿ. ನನಗೂ ಹೀಗೇ ಆಗಿತ್ತು.

ನಮ್ಮದು ಮಂಡ್ಯದ ಹತ್ತಿರದ ಹಳ್ಳಿ. ಕಬ್ಬು ಕಡಿಯುವ ಕಾಲ. ಕುತ್ತಿಗೆಗೆ, ಮೊಣಕೈ ಕೆಳಗೆ ಕೆಂಪು ದದ್ದೆದ್ದು ವಿಪರೀತ ತುರಿಕೆ. ಕಬ್ಬಿನ ಗರಿ ಗೀರಿರಬೇಕು ಅಂತ ಸುಮ್ನಿದ್ದೆ. ಆಮೇಲೆ ಮೆಡಿಕಲ್ ಶಾಪಿನಲ್ಲಿ ಕೇಳಿ ಒಂದು ಟ್ಯೂಬ್ ತಂದು ಹಚ್ಚಿದೆ. ನಾಲ್ಕು ದಿನ ಕಡಿಮೆಯಾಯಿತು, ಬಿಟ್ಟ ಕೂಡಲೇ ಇನ್ನೂ ಜಾಸ್ತಿಯಾಯಿತು. ಅದರಲ್ಲಿ ಸ್ಟೀರಾಯ್ಡ್ ಇತ್ತಂತೆ.

ಕೊನೆಗೆ ಚರ್ಮದ ಡಾಕ್ಟರ ಹತ್ತಿರ ಹೋದೆ. ಅವರು ಮೊದಲು ನನ್ನ ವಾಚು ಬಿಚ್ಚಿಸಿದರು. ಪಟ್ಟಿ ಇದ್ದ ಜಾಗ ನುಣ್ಣಗಿತ್ತು, ಅದರ ಆಚೆ ಈಚೆ ಕಪ್ಪಗೆ, ಒರಟಾಗಿತ್ತು. ಗದ್ದದ ಅಡಿ, ಕಿವಿಯ ಹಿಂದೆ ನೋಡಿದರು. ಅಲ್ಲೂ ಏನೂ ಇಲ್ಲ. "ಬಿಸಿಲು ಬಿದ್ದ ಕಡೆ ಮಾತ್ರ ಇದೆಯಲ್ಲಪ್ಪ, ಯಾವ್ಯಾವ ಮಾತ್ರೆ ತಗೋತಿದ್ದೀಯ?" ಅಂದರು.

ನನ್ನ ವಿಷಯದಲ್ಲಿ ಕಾರಣ ಎಆರ್‌ಟಿ ಅಲ್ಲ, ಅದರ ಜೊತೆ ಕೊಡುತ್ತಿದ್ದ ಕೋಟ್ರೈಮಾಕ್ಸಜೋಲ್. ಸಲ್ಫಾ ಮಾತ್ರೆ ಅದು. ಸಿಡಿ4, ಅಂದರೆ ರೋಗದ ವಿರುದ್ಧ ಹೋರಾಡುವ ರಕ್ತಕಣ, ಕಡಿಮೆ ಇರುವವರಿಗೆ ನ್ಯುಮೋನಿಯಾ ಬಾರದಿರಲಿ ಅಂತ ಕೊಡುತ್ತಾರೆ. ಎಆರ್‌ಟಿ ಸೆಂಟರಿನ ಡಾಕ್ಟರೇ ಅದನ್ನು ಬದಲಿಸಿದರು. ಎಆರ್‌ಟಿ ಒಂದು ದಿನವೂ ತಪ್ಪಲಿಲ್ಲ. ತಪ್ಪಿಸಿದರೆ ವೈರಸ್ ಮತ್ತೆ ಹೆಚ್ಚುತ್ತದೆ, ಅದೇ ಮಾತ್ರೆ ಮುಂದೆ ಕೆಲಸ ಮಾಡದೇ ಹೋಗಬಹುದು.

ನಿಮಗೆ ಕಾರಣ ಬೇರೆಯೇ ಇರಬಹುದು. ಎಆರ್‌ಟಿಯಲ್ಲೇ ಒಂದಾದ ಎಫಾವಿರೆಂಜ್‌ನಿಂದಲೂ ಕೆಲವರಿಗೆ ಹೀಗಾಗುತ್ತದೆ. ಟಿಬಿ ತಡೆಯಲು ಕೊಡುವ ಐಸೋನಿಯಾಜಿಡ್ ಮೈಯಲ್ಲಿ ಬಿ3 ವಿಟಮಿನ್ ಕಡಿಮೆ ಮಾಡಿ, ಕುತ್ತಿಗೆ ಸುತ್ತ ಹಾರದ ಹಾಗೆ ಕಪ್ಪು ಪಟ್ಟಿ ತರಿಸುವುದುಂಟು. ಸಿಡಿ4 ತೀರಾ ಇಳಿದಿದ್ದರೆ ಎಚ್‌ಐವಿಯಿಂದಲೇ ಚರ್ಮ ಬಿಸಿಲು ತಡೆಯದ ಹಾಗಾಗುತ್ತದೆ. ಅಂಗೈ ಹಿಂಭಾಗದಲ್ಲಿ ನೀರುಗುಳ್ಳೆ ಬರುತ್ತಿದ್ದರೆ ಹೆಪಟೈಟಿಸ್ ಸಿ ಪರೀಕ್ಷೆಯನ್ನೂ ಕೇಳಿ. ಅದಕ್ಕೇ ತಿನ್ನುವ ಎಲ್ಲಾ ಮಾತ್ರೆಯ ಸ್ಟ್ರಿಪ್ಪುಗಳನ್ನೂ, ನೋವಿನ ಮಾತ್ರೆ, ನಾಟಿ ಔಷಧಿ ಸೇರಿಸಿ, ಒಂದು ಕವರಿಗೆ ಹಾಕಿಕೊಂಡು ಹೋಗಿ. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ, ಮಂಡ್ಯದ ಸರ್ಕಾರಿ ಮೆಡಿಕಲ್ ಕಾಲೇಜು ಮಿಮ್ಸ್‌ನಲ್ಲಿ ಚರ್ಮದ ವಿಭಾಗವಿದೆ. ಎಚ್‌ಐವಿ ಇರುವುದನ್ನು ಮುಚ್ಚಿಡಬೇಡಿ. ಅದೇ ಕಾರಣಕ್ಕೆ ಚಿಕಿತ್ಸೆ ಕೊಡಲ್ಲ ಅನ್ನುವ ಹಾಗಿಲ್ಲ, 2017ರ ಕಾನೂನೇ ಇದೆ.

ಅಲ್ಲಿಯವರೆಗೆ ಹತ್ತರಿಂದ ನಾಲ್ಕರ ಬಿಸಿಲು ತಪ್ಪಿಸಿ. ತುಂಬುತೋಳಿನ ಅಂಗಿ, ತಲೆಗೆ ಕುತ್ತಿಗೆಗೆ ಟವೆಲ್. ಎಸ್‌ಪಿಎಫ್ 30ಕ್ಕಿಂತ ಕಡಿಮೆಯಿಲ್ಲದ ಸನ್‌ಸ್ಕ್ರೀನ್ ಎರಡು ಗಂಟೆಗೊಮ್ಮೆ ಹಚ್ಚಿ. ಬಸ್ಸಿನ ಕಿಟಕಿ ಗಾಜು ಮುಚ್ಚಿದ್ದರೂ ತೊಂದರೆ ಕೊಡುವ ಕಿರಣ ಒಳಗೆ ಬರುತ್ತದೆ, ನೆರಳಿನ ಕಡೆ ಕೂರಿ.

ಜ್ವರ, ಬಾಯಿಹುಣ್ಣು, ಕಣ್ಣು ಕೆಂಪಾಗುವುದು, ಚರ್ಮ ಸುಲಿಯುವುದು, ಇವುಗಳಲ್ಲಿ ಯಾವುದು ಕಂಡರೂ ಆವತ್ತೇ ಆಸ್ಪತ್ರೆಗೆ ಹೋಗಿ. ರಾತ್ರಿಯಾದರೂ ಕಾಯಬೇಡಿ.