64ರ ಮಗ್ಗಿಯ ಕೊನೇ ಸಾಲಿನಲ್ಲಿ ಸಿಕ್ಕ 641

ಪ್ರಶ್ನೆ: ನನ್ನ ಮಗಳು ಒಂಬತ್ತನೇ ಕ್ಲಾಸು. 4294967297 ಅವಿಭಾಜ್ಯ ಸಂಖ್ಯೆ ಅಂತ ಗಣಿತಜ್ಞ ಫರ್ಮಾ ನಂಬಿದ್ದ, ಅದು 641ರಿಂದ ಭಾಗವಾಗುತ್ತದೆ ಅಂತ ಆಯ್ಲರ್ ತೋರಿಸಿದ ಅಂತ ಎಲ್ಲೋ ಓದಿದ್ದಾಳೆ. ಕ್ಯಾಲ್ಕುಲೇಟರ್ ಇಲ್ಲದ ಕಾಲದಲ್ಲಿ 641 ಹೇಗೆ ಸಿಕ್ಕಿತು? ಮನೆಯಲ್ಲೇ ಪರೀಕ್ಷೆ ಮಾಡಬಹುದಾ?

ಉತ್ತರ: ಖಂಡಿತ ಮಾಡಬಹುದು. ಒಂದು ಪೆನ್ಸಿಲ್, ಅರ್ಧ ಹಾಳೆ ಸಾಕು.

ಮೊದಲು ಈ ಸಂಖ್ಯೆ ಎಲ್ಲಿಂದ ಬಂತು ನೋಡಿ. 2ರಿಂದ ಶುರುಮಾಡಿ ವರ್ಗ ಮಾಡುತ್ತಾ ಹೋಗಿ: 2, 4, 16, 256, 65536. ಒಂದೊಂದಕ್ಕೂ 1 ಕೂಡಿಸಿ. 3, 5, 17, 257, 65537 ಬರುತ್ತವೆ. ಐದೂ ಅವಿಭಾಜ್ಯಗಳೇ. ಹಾಗಾಗಿ ಮುಂದಿನವೂ ಹೀಗೇ ಇರುತ್ತವೆ ಎಂದು ಫರ್ಮಾ 1640ರಲ್ಲಿ ಪತ್ರದಲ್ಲಿ ಬರೆದ. ಆರನೆಯದೇ ನಿಮ್ಮ ಸಂಖ್ಯೆ, 429 ಕೋಟಿ 49 ಲಕ್ಷ 67 ಸಾವಿರದ 297.

ಈಗ ಮಗಳಿಗೆ ಇದನ್ನು ಮಾಡಿಸಿ. 65536ನ್ನು 641ರಿಂದ ಭಾಗಿಸಿದರೆ 102 ಸಲ ಹೋಗಿ 154 ಶೇಷ ಉಳಿಯುತ್ತದೆ. ನಮಗೆ ಬೇಕಿರುವುದು 65536ರ ವರ್ಗದ ಶೇಷ. ಅದಕ್ಕೆ ಅಷ್ಟು ದೊಡ್ಡ ಗುಣಾಕಾರ ಬೇಡ, ಶೇಷವನ್ನೇ ವರ್ಗ ಮಾಡಿದರೆ ಸಾಕು. 154ರ ವರ್ಗ 23716. ಇದನ್ನು ಮತ್ತೆ 641ರಿಂದ ಭಾಗಿಸಿ. 36 ಸಲ ಹೋಗಿ 640 ಉಳಿಯುತ್ತದೆ. ಆ 1 ಕೂಡಿಸುವುದು ಬಾಕಿ ಇತ್ತು, ಅಲ್ವಾ? ಕೂಡಿಸಿದರೆ 641. ಶೇಷ ಸೊನ್ನೆ! ಹತ್ತಂಕಿಯ ಸಂಖ್ಯೆಯನ್ನು ಮುಟ್ಟದೆಯೇ ಕೆಲಸ ಮುಗಿಯಿತು.

641ನ್ನೇ ಯಾಕೆ ಹಿಡಿಯಬೇಕು ಎಂಬುದು ಇನ್ನೂ ಚೆಂದದ ಪ್ರಶ್ನೆ. ಫರ್ಮಾನ ಮಾತು ನಿಜವೇ ಎಂದು ಗಣಿತಜ್ಞ ಗೋಲ್ಡ್‌ಬಾಖ್ 1729ರಲ್ಲಿ ಆಯ್ಲರ್‌ಗೆ ಪತ್ರ ಬರೆದು ಕೇಳಿದ. 1732ರಲ್ಲಿ ಆಯ್ಲರ್ 641ನ್ನು ಮುಂದಿಟ್ಟ. ಅದರ ಹಿಂದಿನ ನಿಯಮವನ್ನೂ ಆಮೇಲೆ ಸಾಧಿಸಿದ: ಈ ಸಂಖ್ಯೆಯನ್ನು ಭಾಗಿಸುವ ಅವಿಭಾಜ್ಯ ಯಾವುದೇ ಇರಲಿ, ಅದು 64ರ ಗುಣಕಕ್ಕಿಂತ 1 ಜಾಸ್ತಿ ಇರಲೇಬೇಕು. ಹಾಗಾದರೆ 64ರ ಮಗ್ಗಿ ಹೇಳುತ್ತಾ ಪ್ರತಿ ಸಾಲಿಗೂ 1 ಸೇರಿಸಿ ನೋಡಿ. 65, 129, 321, 385, 513 ಅವಿಭಾಜ್ಯಗಳಲ್ಲ, ಬಿಟ್ಟುಬಿಡಿ. ಉಳಿಯುವುದು 193, 257, 449, 577, 641. ಬರೀ ಐದು! ಮಗ್ಗಿಯ ಕೊನೇ ಸಾಲಿನಲ್ಲೇ ಉತ್ತರ ಕೂತಿದೆ. ಸುಮ್ನೆ 2, 3, 5 ಎಂದು ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸುತ್ತಾ ಬಂದಿದ್ದರೆ 641 ಸಿಗುವುದು 116ನೇ ಸಲಕ್ಕೆ.

ಈ ಕಥೆಯಲ್ಲಿ ನನ್ನನ್ನು ಜಾಸ್ತಿ ಕಾಡುವ ಸಂಗತಿ ಬೇರೆ. ಆ 64ರ ನಿಯಮ ಹುಟ್ಟುವುದು ಫರ್ಮಾನದೇ ಒಂದು ಪ್ರಮೇಯದಿಂದ. ಅದನ್ನೂ ಅವನು 1640ರಲ್ಲೇ ಪತ್ರದಲ್ಲಿ ಬರೆದಿದ್ದ. ಬೀಗದ ಕೈ ಅವನ ಜೇಬಿನಲ್ಲೇ ಇತ್ತು.

ಇನ್ನೊಂದು ಅಪವರ್ತನ 6700417. ಅದೂ ಅವಿಭಾಜ್ಯವೇ, ಅದೂ 64ರ ಗುಣಕಕ್ಕಿಂತ 1 ಜಾಸ್ತಿ. ವರ್ಗ ಮಾಡಿ 1 ಕೂಡಿಸುವ 3, 5, 17, 257ರ ಆ ಸಾಲಿನಲ್ಲಿ 65537 ಆದಮೇಲೆ ಮತ್ತೊಂದು ಅವಿಭಾಜ್ಯ ಇವತ್ತಿನವರೆಗೂ ಯಾರಿಗೂ ಸಿಕ್ಕಿಲ್ಲ.