ಸಮವಸ್ತ್ರ ಕಳಚುವ ಮೊದಲೇ ಎ ಅಂಡ್ ಪಿ

ನಿಮ್ಮ ಪತ್ರ ಓದಿದೆ. ತಂದೆಯ ಮೂಲಕ ಗ್ರೀನ್ ಕಾರ್ಡ್ ಪಡೆದು ಅಮೆರಿಕಕ್ಕೆ ಬಂದಿದ್ದೀರಿ, ಇಲ್ಲಿಯ ವಾಯುಪಡೆಗೆ ಸೇರಿ ವಿಮಾನ ದುರಸ್ತಿಯ ಕೆಲಸ ಕಲಿಯುವ ಆಸೆ ಇಟ್ಟುಕೊಂಡಿದ್ದೀರಿ. ಸೇವೆ ಮುಗಿಸಿ ಹೊರಬಂದಾಗ ವಿಮಾನಯಾನ ಸಂಸ್ಥೆಗಳು ಕೇಳುವ ಪ್ರಮಾಣಪತ್ರ ತಾನಾಗಿಯೇ ಕೈಗೆ ಬರುತ್ತದೆಯೇ, ಆ ದಾರಿಯ ಬದುಕು ಹೇಗೆ ಎಂದು ಕೇಳಿದ್ದೀರಿ. ನಾನೂ ಅದೇ ದಾರಿಯಲ್ಲಿ ಬಂದವನು. ಈಗ ಓಕ್ಲಹೋಮಾದಲ್ಲಿ ನೆಲೆಸಿ ಪ್ರಯಾಣಿಕ ವಿಮಾನಗಳ ಮೇಲೆ ಕೆಲಸ ಮಾಡುತ್ತಿದ್ದೇನೆ.

ತಾನಾಗಿಯೇ ಬರುವುದಿಲ್ಲ. ವರ್ಷಗಟ್ಟಲೆ ಯುದ್ಧವಿಮಾನದ ಎಂಜಿನ್ ಬಿಚ್ಚಿ ಜೋಡಿಸಿದವರು ಕೂಡ, ಎಫ್‌ಎಎ (ಅಮೆರಿಕದ ನಾಗರಿಕ ವಿಮಾನಯಾನ ನಿಯಂತ್ರಣ ಸಂಸ್ಥೆ) ನೀಡುವ ಮೆಕ್ಯಾನಿಕ್ ಪ್ರಮಾಣಪತ್ರ ಇಲ್ಲದಿದ್ದರೆ, ತಾವು ಮಾಡಿದ ದುರಸ್ತಿಗೆ ಸಹಿ ಹಾಕಿ ನಾಗರಿಕ ವಿಮಾನವನ್ನು ಹಾರಾಟಕ್ಕೆ ಬಿಡುವಂತಿಲ್ಲ. ಪಳಗಿದ ಕೈಗಳು ಸಹಾಯಕರ ಸಂಬಳಕ್ಕೆ ದುಡಿಯುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಸೇವೆಯಲ್ಲಿ ಇರುವಾಗಲೇ ಈ ಪ್ರಮಾಣಪತ್ರ ಪಡೆಯಲು ಏನೂ ಅಡ್ಡಿಯಿಲ್ಲ, ಮತ್ತು ಅದಕ್ಕಿಂತ ಸುಲಭದ ಕಾಲ ಮುಂದೆ ಬರುವುದಿಲ್ಲ. ಅದಕ್ಕಾಗಿಯೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಪ್ರಮಾಣಪತ್ರದಲ್ಲಿ ಎರಡು ವಿಭಾಗಗಳಿವೆ: ವಿಮಾನದ ಒಡಲಿಗೆ ಏರ್‌ಫ್ರೇಮ್, ಎಂಜಿನ್ನಿಗೆ ಪವರ್‌ಪ್ಲಾಂಟ್. ಎರಡೂ ಇದ್ದರೆ ಎ ಅಂಡ್ ಪಿ ಎನ್ನುತ್ತಾರೆ. ಮಾನ್ಯತೆ ಪಡೆದ ಶಾಲೆಯಲ್ಲಿ ಓದದೆ ಅನುಭವದ ಆಧಾರದ ಮೇಲೆ ಅರ್ಜಿ ಹಾಕುವವರಿಗೆ ಒಂದು ವಿಭಾಗಕ್ಕೆ 18 ತಿಂಗಳು, ಎರಡಕ್ಕೂ ಸೇರಿ 30 ತಿಂಗಳುಗಳ ಪ್ರಾಯೋಗಿಕ ಕೆಲಸ ಬೇಕು. ಸೇನೆಯ ಕೆಲಸವೂ ಲೆಕ್ಕಕ್ಕೆ ಬರುತ್ತದೆ. ನಾಲ್ಕು ವರ್ಷದ ಒಪ್ಪಂದದಲ್ಲಿ ಮೂಲ ತರಬೇತಿ, ತಾಂತ್ರಿಕ ಶಾಲೆ ಎರಡನ್ನೂ ಕಳೆದರೂ 30 ತಿಂಗಳು ಉಳಿಯುತ್ತವೆ.

ತೊಡಕಿರುವುದು ತಿಂಗಳುಗಳ ಎಣಿಕೆಯಲ್ಲಲ್ಲ, ಆ ತಿಂಗಳುಗಳಲ್ಲಿ ಏನೇನು ಮಾಡಿದಿರಿ ಎಂಬುದರಲ್ಲಿ. ವಾಯುಪಡೆ ಕೆಲಸವನ್ನು ಸಣ್ಣ ಸಣ್ಣ ತುಂಡುಗಳಾಗಿ ಹಂಚುತ್ತದೆ. ಹೈಡ್ರಾಲಿಕ್ಸ್ ವಿಭಾಗದವರಿಗೆ ಎಂಜಿನ್ ಸಿಗುವುದು ಅಪರೂಪ, ಎಂಜಿನ್ ವಿಭಾಗದವರು ಲೋಹದ ಹಾಳೆಗೆ ರಿವೆಟ್ ಹೊಡೆಯುವುದಿಲ್ಲ. ಏವಿಯಾನಿಕ್ಸ್ (ವಿಮಾನದ ಎಲೆಕ್ಟ್ರಾನಿಕ್ ಉಪಕರಣಗಳ ಕೆಲಸ) ಒಂದನ್ನೇ ಮಾಡಿದವರಿಗೆ ದಾರಿ ಇನ್ನೂ ಕಠಿಣ. ಎಫ್‌ಎಎ ಇನ್‌ಸ್ಪೆಕ್ಟರ್ ನೋಡುವುದು ಅನುಭವದ ಹರವನ್ನು. ಆದ್ದರಿಂದ ಸಾಧ್ಯವಿದ್ದರೆ ಕ್ರೂ ಚೀಫ್ ಕೆಲಸ ಕೇಳಿ. ಇಡೀ ವಿಮಾನದ ಹೊಣೆ ಹೊರುವ ಕೆಲಸವದು. ಬೇರೆ ಶಾಪ್‌ಗೆ ಬಿದ್ದರೆ, ಬಿಡುವಿನ ಹೊತ್ತಿನಲ್ಲಿ ಪಕ್ಕದ ಶಾಪ್‌ನವರ ಜೊತೆ ಕೈಜೋಡಿಸಲು ನಿಮ್ಮ ಸೂಪರ್‌ವೈಸರ್ ಅನುಮತಿ ಪಡೆಯಿರಿ. ಆ ಕೆಲಸವೂ ತರಬೇತಿ ದಾಖಲೆಗೆ ಏರಬೇಕು.

ದಾಖಲೆಯ ವಿಷಯದಲ್ಲಿ ನಾನು ಹಟಮಾರಿ. ಮೊದಲ ದಿನದಿಂದಲೇ ಒಂದು ನೋಟ್‌ಬುಕ್ ಇಡಿ. ಯಾವ ಮಾದರಿಯ ವಿಮಾನ, ಯಾವ ಎಂಜಿನ್, ಏನು ಕೆಲಸ, ಯಾರು ಮೇಲ್ವಿಚಾರಣೆ ಮಾಡಿದರು ಎಂದು ಬರೆಯುತ್ತಾ ಹೋಗಿ. ಸೇನೆಯಲ್ಲಿ ಜನ ಒಂದೇ ಕಡೆ ನಿಲ್ಲುವುದಿಲ್ಲ. ನಿಮ್ಮ ಕೆಲಸ ಕಣ್ಣಾರೆ ಕಂಡ ಸಾರ್ಜೆಂಟ್ ಮುಂದಿನ ವರ್ಷ ಜಪಾನಿನಲ್ಲಿರಬಹುದು. ಅವರು ವರ್ಗವಾಗುವ ಮೊದಲೇ ಸಹಿ ಮಾಡಿಸಿಕೊಳ್ಳಿ. ಎಷ್ಟು ಕಾಲ, ಯಾವ ವಿಮಾನಗಳ ಮೇಲೆ ಕೆಲಸ ಮಾಡಿದಿರಿ ಎಂದು ಘಟಕದ ಅಧಿಕಾರಿ ಬರೆದುಕೊಡುವ ಪತ್ರವೂ ಬೇಕಾಗುತ್ತದೆ. ಸೇನೆಯ ಎಲ್ಲ ಅಂಗಗಳಿಗೂ ತೆರೆದಿರುವ ಜಾಯಿಂಟ್ ಸರ್ವಿಸ್ ಏವಿಯೇಷನ್ ಮೇಂಟೆನೆನ್ಸ್ ಟೆಕ್ನಿಷಿಯನ್ ಸರ್ಟಿಫಿಕೇಶನ್ ಕೌನ್ಸಿಲ್‌ನ ಕಾರ್ಯಕ್ರಮಕ್ಕೆ ಸೇರಿಕೊಳ್ಳಿ. ಅದು ಕೊಡುವ ಅರ್ಹತಾ ಪತ್ರ ಹಿಡಿದು ಹೋದರೆ ಇನ್‌ಸ್ಪೆಕ್ಟರ್ ಜೊತೆಗಿನ ಮಾತುಕತೆ ಹಗುರವಾಗುತ್ತದೆ. ಅವರು 8610-2 ಅರ್ಜಿಗೆ ಸಹಿ ಹಾಕಿದ ಮೇಲೆಯೇ ಪರೀಕ್ಷೆಗೆ ಕೂರಬಹುದು.

ಲಿಖಿತ ಪರೀಕ್ಷೆಗಳು ಮೂರು: ಜನರಲ್, ಏರ್‌ಫ್ರೇಮ್, ಪವರ್‌ಪ್ಲಾಂಟ್. ಉತ್ತೀರ್ಣರಾಗಲು 70 ಅಂಕ ಸಾಕು. ಆಮೇಲೆ ಪರೀಕ್ಷಕರ ಮುಂದೆ ಮೌಖಿಕ ಮತ್ತು ಪ್ರಾಯೋಗಿಕ ಪರೀಕ್ಷೆ. ಇವೆಲ್ಲ 24 ತಿಂಗಳೊಳಗೆ ಮುಗಿಯಬೇಕು. ಹೊರದೇಶದ ನಿಯೋಜನೆ ಹತ್ತಿರದಲ್ಲಿದ್ದರೆ ಮೊದಲ ಲಿಖಿತ ಪರೀಕ್ಷೆಯನ್ನು ಮುಂದೂಡಿ, ಹಿಂತಿರುಗಿದ ಮೇಲೆ ಶುರುಮಾಡಿ. ಸೈನಿಕರಿಗೆ ಹೆಚ್ಚು ಅಪರಿಚಿತವಾದದ್ದು ಹಳೆಯ ತಂತ್ರಜ್ಞಾನ ಮತ್ತು ಕಾನೂನು. ಜೆಟ್ ವಿಮಾನಗಳ ನಡುವೆ ಬೆಳೆದವರು ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೊ, ಇಂಧನಕ್ಕೆ ಗಾಳಿ ಬೆರೆಸುವ ಕಾರ್ಬ್ಯುರೇಟರ್, ಬಟ್ಟೆ ಹೊದಿಸಿದ ರೆಕ್ಕೆ ಇವನ್ನು ಕಣ್ಣಿಂದ ನೋಡಿರುವುದಿಲ್ಲ. ಏರ್‌ವರ್ತಿನೆಸ್ ಡೈರೆಕ್ಟಿವ್ (ಸುರಕ್ಷತೆಗಾಗಿ ಹೊರಡಿಸುವ ಕಡ್ಡಾಯ ಆದೇಶ) ಹುಡುಕುವುದು, ಲಾಗ್‌ಬುಕ್ ಬರೆಯುವ ಕ್ರಮ, ವಾರ್ಷಿಕ ತಪಾಸಣೆಯ ನಿಯಮ, ಇವು ಯಾವುವೂ ಸೇನೆಯ ದುರಸ್ತಿ ಕೈಪಿಡಿಗಳಾದ ಟೆಕ್ನಿಕಲ್ ಆರ್ಡರ್‌ಗಳಲ್ಲಿ ಸಿಗುವುದಿಲ್ಲ. ಎಫ್‌ಎಎ ತನ್ನ ಮೂರೂ ಕೈಪಿಡಿಗಳನ್ನು ಉಚಿತವಾಗಿ ಕೊಡುತ್ತದೆ, ಅವನ್ನೇ ಓದಿ. ಪ್ರಶ್ನೆಗಳನ್ನು ಬಾಯಿಪಾಠ ಮಾಡಿಸುವ ತ್ವರಿತ ತರಗತಿಗಳು ನೆನಪು ಮಸುಕಾದವರಿಗೆ ಒಳ್ಳೆಯವು. ಅದರಾಚೆ ಅವನ್ನು ನೆಚ್ಚಿಕೊಳ್ಳಬೇಡಿ, ವಿಮಾನದ ವಿಷಯದಲ್ಲಿ ಅರೆಜ್ಞಾನ ನನಗೆ ಸಹಿಸಲಾಗದು.

ಖರ್ಚಿಗೆ ಹೆದರಬೇಡಿ. ಸೇವೆಯಲ್ಲಿ ಇರುವವರ ಪರೀಕ್ಷಾ ಶುಲ್ಕಗಳಿಗೆ ವಾಯುಪಡೆಯ ಕೂಲ್ ಎಂಬ ಯೋಜನೆ ಇದೆ. ಸೈನಿಕರ ಶಿಕ್ಷಣ ಸೌಲಭ್ಯವಾದ ಜಿಐ ಬಿಲ್ ಕೂಡ ಒಂದೊಂದು ಪರೀಕ್ಷೆಗೆ 2,000 ಡಾಲರ್‌ವರೆಗೆ ಮರುಪಾವತಿಸುತ್ತದೆ, ಆದರೆ ಅದು ಮುಂದೆ ಕಾಲೇಜಿಗೆ ಬೇಕಾಗುವ ಸೌಲಭ್ಯ. ಮೊದಲು ಕೂಲ್ ಬಳಸಿ. ಒಮ್ಮೆ ಸಿಕ್ಕ ಎ ಅಂಡ್ ಪಿ ಗೆ ಮುಕ್ತಾಯದ ದಿನಾಂಕವಿಲ್ಲ. ಆದರೆ ಅದು ಅಮೆರಿಕದ ಪ್ರಮಾಣಪತ್ರ. ಭಾರತಕ್ಕೆ ಮರಳಿ ಕೆಲಸ ಮಾಡಬೇಕೆಂದರೆ ಅಲ್ಲಿಯ ವಿಮಾನಯಾನ ನಿಯಂತ್ರಕ ಡಿಜಿಸಿಎ ಪರವಾನಗಿ ಬೇರೆಯೇ ಆಗಬೇಕು.

ಇನ್ನು ಬದುಕಿನ ಮಾತು. ಸೇನೆಗೆ ಜನರನ್ನು ಸೇರಿಸಿಕೊಳ್ಳುವ ರಿಕ್ರೂಟರ್ ಏನೇ ಹೇಳಲಿ, ನಿಮಗೆ ಕೊಡುವ ಕೆಲಸ ಒಪ್ಪಂದದಲ್ಲಿ ಬರಹದಲ್ಲಿರಲಿ. ಭದ್ರತಾ ಅನುಮೋದನೆ ಬೇಕಾದ ಹುದ್ದೆಗಳು ಪೌರತ್ವ ಇಲ್ಲದವರಿಗೆ ಸಿಗುವುದಿಲ್ಲ, ಅದರಲ್ಲಿ ದುರಸ್ತಿ ವಿಭಾಗದ ಕೆಲವೂ ಸೇರಿವೆ. ಸೇವೆಯಲ್ಲಿ ಇರುವವರು ಶುಲ್ಕವಿಲ್ಲದೆ ಪೌರತ್ವಕ್ಕೆ ಬೇಗ ಅರ್ಜಿ ಹಾಕಬಹುದು. 2023ರ ಏಪ್ರಿಲ್‌ನಲ್ಲಿ ಟೆಕ್ಸಾಸ್‌ನ ಲ್ಯಾಕ್‌ಲ್ಯಾಂಡ್‌ನಲ್ಲಿ 14 ಮಂದಿ ಮೂಲ ತರಬೇತಿ ಮುಗಿಸುವಾಗಲೇ ಅಮೆರಿಕದ ಪ್ರಜೆಗಳಾದರು.

ಆದರೆ ಆ ಪ್ರಮಾಣವಚನದೊಂದಿಗೆ ಭಾರತದ ಪೌರತ್ವ ಹೋಗುತ್ತದೆ. ಅಮೆರಿಕದ ಪ್ರಜೆಗಳಾದ ನಮ್ಮವರು ಬಹುತೇಕ ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳು ವೀಸಾ ಇಲ್ಲದೆ ಹೋಗಿಬರಲು ಕೊಡುವ ಗುರುತು) ಮಾಡಿಸಿಕೊಂಡು ನಿರಾಳವಾಗಿ ಊರಿಗೆ ಹೋಗಿಬರುತ್ತಾರೆ. ವಿದೇಶಿ ಸೇನೆಯಲ್ಲಿ ಇರುವವರಿಗೆ, ನಿವೃತ್ತರಾದವರಿಗೂ, ಭಾರತ ಸರ್ಕಾರ ಒಸಿಐ ಕೊಡುವುದಿಲ್ಲ. ನಾನು ಪ್ರತಿ ಸಲವೂ ವೀಸಾ ಹಿಡಿದೇ ಹೋಗುತ್ತೇನೆ. ಯಾವ ರಿಕ್ರೂಟರ್ ಕೂಡ ಇದನ್ನು ನಿಮಗೆ ಹೇಳುವುದಿಲ್ಲ, ಅವರಿಗೆ ಗೊತ್ತಿರುವುದೂ ಇಲ್ಲ. ಊರಿನಲ್ಲಿ ವಯಸ್ಸಾದವರು, ಆಸ್ತಿಪಾಸ್ತಿ ಇದ್ದರೆ ಸಹಿ ಹಾಕುವ ಮುನ್ನ ಮನೆಯವರೊಂದಿಗೆ ಕುಳಿತು ಇದನ್ನು ಮಾತನಾಡಿ. ನಾನು ತಿಳಿದೇ ಆರಿಸಿಕೊಂಡೆ, ನನಗೆ ಅದರ ಬಗ್ಗೆ ಬೇಸರವಿಲ್ಲ.

ರಿಕ್ರೂಟರ್ ಯಾವ ಯಾವ ಹುದ್ದೆಗಳ ಪಟ್ಟಿ ಮುಂದಿಟ್ಟರು ಎಂದು ಬರೆಯಿರಿ. ಯಾವುದು ಏರ್‌ಫ್ರೇಮ್ ಕಡೆಗೆ, ಯಾವುದು ಪವರ್‌ಪ್ಲಾಂಟ್ ಕಡೆಗೆ ಒಯ್ಯುತ್ತದೆ ಎಂದು ನಾನು ಗುರುತು ಹಾಕಿ ಕಳಿಸುತ್ತೇನೆ.