ಇಂಗ್ಲಿಷ್ ಬದಿಗಿಟ್ಟು ಜಪಾನಿ ಕಲಿಯಿರಿ

ಪ್ರಶ್ನೆ: ಬೆಳಗಾವಿಯಲ್ಲಿ ಜಪಾನಿ ಕ್ಲಾಸಿಗೆ ಹೋಗುತ್ತಿದ್ದೇನೆ. ಜಪಾನಿ ಭಾಷಾ ಪರೀಕ್ಷೆಯ (ಜೆಎಲ್‌ಪಿಟಿ) ಎನ್4 ಹಂತ ಪಾಸಾಗಿದೆ. ಅದರ ಮುಂದಿನ ಹಂತವಾದ ಎನ್3 ಪಾಠದಲ್ಲಿ ಜೋಡಿ ಕ್ರಿಯಾಪದಗಳು, ಮರ್ಯಾದೆಯ ಮಾತುಗಳು ತಲೆಗೇ ಹತ್ತುತ್ತಿಲ್ಲ. ಇಂಗ್ಲಿಷ್ ಪುಸ್ತಕ ಇಟ್ಟುಕೊಂಡು ಓದುತ್ತೇನೆ. ಏನು ಮಾಡಲಿ?

ಉತ್ತರ: ಆ ಇಂಗ್ಲಿಷ್ ವಿವರಣೆಯನ್ನು ಸ್ವಲ್ಪ ದಿನ ಬದಿಗಿಡಿ. ಕನ್ನಡದ ಹಾಗೆ ಜಪಾನಿಯಲ್ಲೂ ಕ್ರಿಯಾಪದ ಕೊನೆಗೇ ಬರುತ್ತದೆ, ಅಲ್ವಾ? ‘ತಾಬೆತೆ ಮಿರು’ ಅಂದರೆ ಪದಕ್ಕೆ ಪದ ‘ತಿಂದು ನೋಡು’. ‘ತಾಬೆತೆ ಶಿಮಾವು’ ಅಂದರೆ ‘ತಿಂದುಬಿಡು’. ಕುಂದಾ ಡಬ್ಬಿ ಮುಂದಿಟ್ಟುಕೊಂಡು ಎರಡನ್ನೂ ಜೋರಾಗಿ ಹೇಳಿ, ಇಂಗ್ಲಿಷಿನಲ್ಲಿ ಅರ್ಧ ಪುಟ ಹಿಡಿಯುವ ವ್ಯಾಕರಣ ನಿಮ್ಮ ಬಾಯಲ್ಲಿ ಮೊದಲೇ ಇದೆ ಅಂತ ಗೊತ್ತಾಗುತ್ತದೆ. ನನಗಂತೂ ಇದು ಇವತ್ತಿಗೂ ಖುಷಿ ಕೊಡುವ ಸಂಗತಿ.

ಮರ್ಯಾದೆ ವಿಷಯದಲ್ಲಿ ಮಾತ್ರ ಕನ್ನಡ ಕೈಕೊಡುತ್ತದೆ. ನಾವು ಯಾರ ಮುಂದಾದರೂ ‘ನಮ್ಮ ತಾಯಿ ಬಂದರು’ ಅನ್ನುತ್ತೇವೆ. ಅಲ್ಲಿ ಹೊರಗಿನವರ ಮುಂದೆ ನಮ್ಮ ತಾಯಿ ಬರೀ ‘ಹಹ’, ಅವರ ತಾಯಿ ‘ಒಕಾಸಾನ್’. ಗ್ರಾಹಕರ ಜೊತೆ ಮಾತಾಡುವಾಗ ನಮ್ಮ ಮೇಲಧಿಕಾರಿಯ ಹೆಸರಿಗೂ ‘ಸಾನ್’ (ನಮ್ಮ ‘ಅವರು’ ಇದ್ದ ಹಾಗೆ) ಸೇರಿಸುವುದಿಲ್ಲ. ಇದು ಅಗೌರವ ಅಲ್ಲ, ‘ಉಚಿ-ಸೊತೊ’, ಅಂದರೆ ಒಳಗಿನವರು ಹೊರಗಿನವರು ಅನ್ನುವ ಲೆಕ್ಕ. ಸುಮ್ನೆ ಬಾಯಿಪಾಠ ಬೇಡ. ಕ್ಲಾಸಿನಲ್ಲಿ ಜೋಡಿಯಾಗಿ ಕೂತು, ಒಬ್ಬರು ಕಂಪನಿಯವರು, ಇನ್ನೊಬ್ಬರು ಗ್ರಾಹಕರು ಅಂತ ಫೋನ್ ಮಾತು ಆಡಿ.

ಎನ್3 ಪಾಸಾಗಲು 180ಕ್ಕೆ 95 ಬೇಕು, ಜೊತೆಗೆ ಮೂರೂ ಭಾಗಗಳಲ್ಲಿ 60ಕ್ಕೆ ಕನಿಷ್ಠ 19. ಆ ಮೂರರಲ್ಲಿ ಕೇಳಿಸಿಕೊಳ್ಳುವುದೂ ಒಂದು, ಹಾಗಾಗಿ ಅದರ ಅಭ್ಯಾಸ ಬಿಡಬೇಡಿ.